ಕಾಣದ ಕೊರಳಿಗೊಂದು ರಜತ ಕಮಲ

ಪಿ.ಬಿ. ಶ್ರೀನಿವಾಸ್ ಅವರ ಹೆಸರು ಆ ಪಟ್ಟಿಯಲ್ಲಿಲ್ಲ. ಎಲ್ಲೋ ಕಣ್ಣು ತಪ್ಪಿರಬೇಕು ಅಂದುಕೊಂಡು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ಓದಿದೆ. ಇಲ್ಲವೇ ಇಲ್ಲ.

ಅದು ಅತ್ಯುತ್ತಮ ಹಿನ್ನೆಲೆ ಗಾಯಕರಿಗೆ ಕೊಡುವ ರಾಷ್ಟ್ರ ಚಲನಚಿತ್ರ ಪ್ರಶಸ್ತಿಯ ಪಟ್ಟಿ. ಆ ರಾತ್ರಿ ನಾನು ಓದಬೇಕಿದ್ದದ್ದು ಅದನ್ನಲ್ಲ, ನನ್ನ ಪ್ರಬಂಧದ ಮೂರನೆಯ ಅಧ್ಯಾಯದ ಟಿಪ್ಪಣಿಗಳನ್ನು. ಪಿಎಚ್.ಡಿ. ಮಾಡುವವರಿಗೆ ಬರೆಯಬೇಕಾದ ಅಧ್ಯಾಯವೊಂದನ್ನು ಬಿಟ್ಟು ಲೋಕದ ಉಳಿದೆಲ್ಲದರ ಬಗ್ಗೆಯೂ ಅಪಾರ ಕುತೂಹಲ ಇರುತ್ತದೆ. ಈ ಪ್ರಶಸ್ತಿ ಶುರುವಾದದ್ದು 1967ರ ಸಾಲಿನ ಚಿತ್ರಗಳಿಂದ. ‘ಉಪಕಾರ್’ ಚಿತ್ರದಲ್ಲಿ ದೇಶದ ಮಣ್ಣನ್ನು ಹೊಗಳಿ ಹಾಡಿದ ಮಹೇಂದ್ರ ಕಪೂರ್ ಅವರಿಗೆ ಮೊದಲ ಪ್ರಶಸ್ತಿ ಸಿಕ್ಕಿತು. ಸರ್ಕಾರವೊಂದು ಹಾಡಿಗೆ ಮೊದಲ ಸಲ ಬಹುಮಾನ ಕೊಡಲು ಕೂತಾಗ ಅದರ ಕಿವಿಗೆ ಯಾವ ಹಾಡು ಬೀಳುತ್ತದೆ ಎಂಬುದನ್ನು ಊಹಿಸಲು ದೊಡ್ಡ ವಿಮರ್ಶಕರೇನೂ ಆಗಬೇಕಿಲ್ಲ. ಆಮೇಲೆ ಮನ್ನಾ ಡೇ, ಎಸ್.ಡಿ. ಬರ್ಮನ್, ಯೇಸುದಾಸ್, ಮುಕೇಶ್, ರಫಿ. ಯೇಸುದಾಸ್ ಅವರಿಗೆ ಎಂಟು ಬಾರಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಆರು ಬಾರಿ. ಕಿಶೋರ್ ಕುಮಾರ್ ಅವರಿಗೆ ಒಮ್ಮೆಯೂ ಇಲ್ಲ. ಇದು ಗೊತ್ತಾದಾಗ ಆಶ್ಚರ್ಯವಾಯಿತು, ಆದರೆ ನೋವಾಗಲಿಲ್ಲ. ಕಿಶೋರ್ ಕುಮಾರರ ಪರವಾಗಿ ನೊಂದುಕೊಳ್ಳಲು ದೇಶದಲ್ಲಿ ಬೇಕಾದಷ್ಟು ಜನರಿದ್ದಾರೆ.

ಪಿ.ಬಿ.ಎಸ್. ವಿಷಯ ಹಾಗಲ್ಲ. ಪ್ರಶಸ್ತಿ ಶುರುವಾಗುವ ಹೊತ್ತಿಗೆ ಅವರ ಕಾಲ ಮುಗಿದಿತ್ತು ಎಂದು ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ. 1971ರಲ್ಲಿ ‘ಕಸ್ತೂರಿ ನಿವಾಸ’, 1973ರಲ್ಲಿ ‘ಗಂಧದ ಗುಡಿ’, 1974ರಲ್ಲಿ ‘ಎರಡು ಕನಸು’. ನಡುವಿನ 1972 ಅಂತೂ ನನಗೆ ಬಹಳ ಇಷ್ಟದ ವರ್ಷ. ಅದೇ ವರ್ಷ ಅವರು ‘ಬಂಗಾರದ ಮನುಷ್ಯ’ದಲ್ಲಿ ರಾಜ್‌ಕುಮಾರ್ ಅವರ ದನಿಯಾದರು, ‘ನಾಗರಹಾವು’ ಚಿತ್ರದಲ್ಲಿ ಹೊಸ ಹುಡುಗ ವಿಷ್ಣುವರ್ಧನ್ ಅವರ ದನಿಯೂ ಆದರು. ಒಬ್ಬ ನಲವತ್ತು ದಾಟಿದ ನಟ, ಊರಿನ ಭಾರವನ್ನೆಲ್ಲ ಹೆಗಲ ಮೇಲೆ ಹೊತ್ತ ರಾಜೀವಪ್ಪ. ಇನ್ನೊಬ್ಬ ದುರ್ಗದ ಬಂಡೆಗಳ ನಡುವೆ ಸಿಟ್ಟು ಮತ್ತು ಪ್ರೀತಿ ಎರಡನ್ನೂ ಹದದಲ್ಲಿ ಇಡಲು ಬಾರದ ರಾಮಾಚಾರಿ. ಎರಡೂ ಹಾಡುಗಳನ್ನು ಒಂದರ ಹಿಂದೆ ಒಂದು ಹಾಕಿಕೊಂಡು ಕೇಳಿ ನೋಡಿ. ಗಂಟಲು ಒಂದೇ, ಮನುಷ್ಯರು ಇಬ್ಬರು. ಆ ವರ್ಷದ ಪ್ರಶಸ್ತಿ ಮಲಯಾಳಂ ಚಿತ್ರವೊಂದರ ಹಾಡಿಗಾಗಿ ಯೇಸುದಾಸ್ ಅವರಿಗೆ ಹೋಯಿತು. ಅದರ ಬಗ್ಗೆ ನನ್ನ ತಕರಾರಿಲ್ಲ, ಆ ಹಾಡೂ ದೊಡ್ಡದೇ.

ಚಿಕ್ಕವಳಿದ್ದಾಗ ನಾನು ಆ ಹಾಡುಗಳನ್ನೆಲ್ಲ ರಾಜ್‌ಕುಮಾರ್ ಅವರೇ ಹಾಡಿದ್ದು ಅಂದುಕೊಂಡಿದ್ದೆ. ಭಾನುವಾರದ ಸಂಜೆ ಟೀವಿಯಲ್ಲಿ ಹಳೆಯ ಚಿತ್ರ ಬರುತ್ತಿದ್ದಾಗ ಅಮ್ಮ ಅಕ್ಕಿ ಆರಿಸುತ್ತಾ, ತಲೆ ಎತ್ತದೆಯೇ, “ಅದು ಪಿ.ಬಿ.ಎಸ್. ಕಣೇ” ಅಂದಿದ್ದಳು. ಯಾರೋ ಹಬ್ಬದ ದಿನ ದೇವರಿಲ್ಲ ಅಂದಷ್ಟು ಬೇಜಾರಾಯಿತು. ಈಗ ಯೋಚಿಸಿದರೆ, ಒಬ್ಬ ಹಿನ್ನೆಲೆ ಗಾಯಕನಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇರೆ ಇರಲಾರದು. ಹಾಡು ಕೇಳಿದ ಹುಡುಗಿಗೆ ಹಾಡಿದವನೊಬ್ಬ ಇದ್ದಾನೆ ಎಂಬುದೇ ಗೊತ್ತಾಗಲಿಲ್ಲ. ಅವರ ಕೆಲಸ ಅಷ್ಟು ಪೂರ್ತಿಯಾಗಿತ್ತು.

ನನ್ನನ್ನು ಆ ರಾತ್ರಿಯಿಂದ ಕಾಡುತ್ತಿರುವ ಪ್ರಶ್ನೆ ಇಲ್ಲಿಂದಲೇ ಹುಟ್ಟಿದ್ದು. ಕಾಣಿಸದಿರುವುದೇ ಒಂದು ಕೆಲಸದ ಗುಣವಾಗಿದ್ದರೆ, ಆ ಗುಣವನ್ನು ಗುರುತಿಸುವುದು ಹೇಗೆ? ಸಾರಿಗೆ ಉಪ್ಪು ಹೆಚ್ಚಾದರೆ ಹೇಳುತ್ತೇವೆ, ಕಡಿಮೆಯಾದರೆ ಹೇಳುತ್ತೇವೆ, ಸರಿಯಾಗಿದ್ದರೆ ಊಟ ಮಾಡಿ ಎದ್ದುಹೋಗುತ್ತೇವೆ. ಪುಸ್ತಕದ ಕರಡು ತಿದ್ದಿದವರ ನೆನಪಾಗುವುದು ತಪ್ಪು ಉಳಿದಾಗ ಮಾತ್ರ. ಇಂಥ ಕೆಲಸಗಳಿಗೆ ಪ್ರಶಸ್ತಿ ಕೊಡಲು ಹೊರಟವರ ಸಂಕಟ ದೊಡ್ಡದು. ಆಯ್ಕೆ ಸಮಿತಿಯೊಂದು ಕತ್ತಲೆಯಲ್ಲಿ ಕೂತು ಸಾಲಾಗಿ ಸಿನಿಮಾ ನೋಡುತ್ತದೆ. ಚೆನ್ನಾಗಿ ಮರೆಯಾದ ದನಿ ಅವರಿಗೂ ಮರೆಯಾಗಿಯೇ ಇರುತ್ತದಲ್ಲವೇ? ಅವರು ಮೆಚ್ಚುವುದು ನಟನನ್ನು, ದೃಶ್ಯವನ್ನು, ಕಣ್ಣಲ್ಲಿ ಬಂದ ನೀರನ್ನು.

ಪಟ್ಟಿಯನ್ನು ಈ ಕಣ್ಣಿನಿಂದ ಮತ್ತೆ ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. 1975ರ ಸಾಲಿನಲ್ಲಿ ಬಾಲಮುರಳಿಕೃಷ್ಣ, ನಮ್ಮ ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಗೆ. ತ.ರಾ.ಸು. ಕಾದಂಬರಿಯ ಆ ಕಥೆ ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನದು. 1979ರಲ್ಲಿ ಎಸ್.ಪಿ.ಬಿ., ‘ಶಂಕರಾಭರಣಂ’ ಚಿತ್ರಕ್ಕೆ. ಅಲ್ಲಿಯೂ ನಾಯಕ ಸಂಗೀತ ವಿದ್ವಾಂಸ. 1990ರ ‘ಹಿಸ್ ಹೈನೆಸ್ ಅಬ್ದುಲ್ಲಾ’, 1991ರ ‘ಭರತಂ’, ಎರಡರಲ್ಲೂ ಹಾಡುಗಾರರ ಕಥೆ. 1995ರಲ್ಲಿ ಮತ್ತೆ ಎಸ್.ಪಿ.ಬಿ., ಕನ್ನಡದ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಕ್ಕೆ. ಮುಂದೆ ಮರಾಠಿಯ ‘ಬಾಲಗಂಧರ್ವ’, ‘ಕಟ್ಯಾರ್ ಕಾಳಜಾತ್ ಘುಸಲೀ’, ‘ಮೀ ವಸಂತರಾವ್’. ಎಲ್ಲವೂ ಹಾಡುವವರ ಬಗ್ಗೆಯೇ ಇರುವ ಸಿನಿಮಾಗಳು. ಅಂದರೆ, ತೆರೆಯ ಮೇಲಿನ ಪಾತ್ರವೇ “ನೋಡಿ, ನಾನೀಗ ಹಾಡುತ್ತೇನೆ” ಎಂದು ತಂಬೂರಿ ಹಿಡಿದು ಕೂತಾಗ ನಮ್ಮ ಕಿವಿ ತೆರೆದುಕೊಳ್ಳುತ್ತದೆ. ರೈತನೊಬ್ಬ ಗದ್ದೆಯ ಬದುವಿನ ಮೇಲೆ ನಡೆಯುತ್ತಾ ಹಾಡಿದರೆ ನಾವು ರೈತನನ್ನು ನೋಡುತ್ತೇವೆ. ಗವಾಯಿಯೊಬ್ಬ ಹಾಡಿದರೆ ಹಾಡನ್ನು ಕೇಳುತ್ತೇವೆ. ಪ್ರಶಸ್ತಿಯ ಹೆಸರಲ್ಲಿ ‘ಹಿನ್ನೆಲೆ’ ಇದೆ, ಆದರೆ ಅದು ಮತ್ತೆ ಮತ್ತೆ ಹುಡುಕಿಕೊಂಡು ಹೋಗಿರುವುದು ಮುನ್ನೆಲೆಗೆ ಬಂದ ಹಾಡನ್ನು.

ಇದನ್ನು ನಿಯಮ ಎನ್ನಲಾರೆ. 1974ರಲ್ಲಿ ಮುಕೇಶ್ ಅವರಿಗೆ ಪ್ರಶಸ್ತಿ ತಂದುಕೊಟ್ಟ ‘ರಜನೀಗಂಧಾ’ದ ಹಾಡಿಗೆ ತೆರೆಯ ಮೇಲೆ ಯಾರೂ ತುಟಿ ಆಡಿಸುವುದಿಲ್ಲ. ಟ್ಯಾಕ್ಸಿಯಲ್ಲಿ ಕೂತ ಹೆಣ್ಣೊಬ್ಬಳ ಮನಸ್ಸು ಹೊಯ್ದಾಡುತ್ತಿದೆ, ಹಾಡು ಎಲ್ಲಿಂದಲೋ ಬರುತ್ತಿದೆ. ಮುಖವೇ ಇಲ್ಲದ ದನಿಗೆ ಸಂದ ಆ ಪ್ರಶಸ್ತಿ ಇಡೀ ಪಟ್ಟಿಯಲ್ಲಿ ನನಗೆ ತುಂಬ ಪ್ರಿಯವಾದದ್ದು. ಶಮ್ಮಿ ಕಪೂರ್‌ಗೆ ಒಂದು ಬಗೆ, ದಿಲೀಪ್ ಕುಮಾರ್‌ಗೆ ಒಂದು ಬಗೆ, ಜಾನಿ ವಾಕರ್‌ಗೆ ಇನ್ನೊಂದು ಬಗೆಯಲ್ಲಿ ಕೊರಳು ಕೊಟ್ಟ ರಫಿ ಅವರಿಗೂ 1977ರಲ್ಲಿ ಒಮ್ಮೆ ಅದು ಸಿಕ್ಕಿತು. ಮತ್ತೆ ‘ಶಂಕರಾಭರಣಂ’ ವಿಷಯದಲ್ಲಿ ನನ್ನ ವಾದ ಸ್ವಲ್ಪ ಎಡವುತ್ತದೆ. ತಾನು ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿತವನಲ್ಲ ಎಂದು ಎಸ್.ಪಿ.ಬಿ. ಎಷ್ಟೋ ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ. ಕಲಿಯದವನೊಬ್ಬ ಮಹಾ ವಿದ್ವಾಂಸನ ಕೊರಳಾಗುವುದು, ಆಮೇಲೆ ಹುಟ್ಟುಕುರುಡರಾದ ಗದುಗಿನ ಗವಾಯಿಗಳ ಕೊರಳಾಗುವುದು, ಇದೂ ಮರೆಯಾಗುವ ಕಲೆಯೇ. ಪ್ರಶಸ್ತಿ ಆ ಕಲೆಯನ್ನು ಗುರುತಿಸಿತೋ ಅಥವಾ ರಾಗ ಕೇಳಿ ಮರುಳಾಯಿತೋ ಎಂದು ಹೇಳುವುದು ಕಷ್ಟ. ಇರಲಿ.

ನನಗೆ ಬಿಡಿಸಲಾಗದ ಗಂಟು ಇನ್ನೊಂದು ಇದೆ. 1992ರ ಸಾಲಿನಲ್ಲಿ ಈ ಪ್ರಶಸ್ತಿ ಬಂದದ್ದು ರಾಜ್‌ಕುಮಾರ್ ಅವರಿಗೆ, ‘ಜೀವನ ಚೈತ್ರ’ ಚಿತ್ರದಲ್ಲಿ ನಾದವೇ ಲೋಕವನ್ನೆಲ್ಲ ತುಂಬಿದೆ ಎನ್ನುವ ಆ ಹಾಡಿಗೆ. ಚಿ. ಉದಯಶಂಕರ್ ಬರೆದದ್ದು, ಉಪೇಂದ್ರ ಕುಮಾರ್ ರಾಗ ಹಾಕಿದ್ದು. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಮನುಷ್ಯನಿಗೆ ನಟನೆಗಾಗಿ ಒಮ್ಮೆಯೂ ಸಿಗದ ರಾಷ್ಟ್ರಪ್ರಶಸ್ತಿ ಹಾಡಿದ್ದಕ್ಕೆ ಸಿಕ್ಕಿತು. ಆದರೆ ಅವರು ಯಾರ ಹಿನ್ನೆಲೆಯಲ್ಲಿ ಹಾಡಿದರು? ತಮ್ಮದೇ ಮುಖದ ಹಿನ್ನೆಲೆಯಲ್ಲಿ. ಕಂಪನಿ ನಾಟಕದಿಂದ ಬಂದವರಿಗೆ ಆಡುವುದು, ಹಾಡುವುದು ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ಸಿನಿಮಾ ಬಂದು ಅದನ್ನು ಎರಡು ಮಾಡಿತು. ‘ಬೇಡರ ಕಣ್ಣಪ್ಪ’ದಲ್ಲಿ ಅವರಿಗೆ ಸಿ.ಎಸ್. ಜಯರಾಮನ್ ಹಾಡಿದರು, ಆಮೇಲೆ ವರ್ಷಗಟ್ಟಲೆ ಪಿ.ಬಿ.ಎಸ್. ಹಾಡಿದರು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತು ಹಾಡುವ ಹಾಡನ್ನು ಅವರೇ ಹಾಡಿ ಅದು ನಾಡಿಗೆ ನಾಡೇ ಗುನುಗುವ ಹಾಡಾಯಿತು. ಅಲ್ಲಿಂದ ಮುಂದೆ ಮುಖ ಮತ್ತು ದನಿ ಮತ್ತೆ ಒಂದಾದವು. ಆ ಎಮ್ಮೆ ಹತ್ತಿ ರಾಜ್‌ಕುಮಾರ್ ತಮ್ಮ ಮನೆಗೆ ಮರಳಿದರು. ಅಷ್ಟು ದಿನ ಆ ಮನೆಯನ್ನು ನೋಡಿಕೊಂಡವರು ಮೆಲ್ಲಗೆ ಹೊರಬರಬೇಕಾಯಿತು.

ತಾವು ಬರಿಯ ಶರೀರ, ಪಿ.ಬಿ.ಎಸ್. ತಮ್ಮ ಶಾರೀರ ಎಂಬರ್ಥದ ಮಾತನ್ನು ರಾಜ್‌ಕುಮಾರ್ ಹೇಳುತ್ತಿದ್ದುದು ಕನ್ನಡಿಗರಿಗೆಲ್ಲ ಗೊತ್ತು. ದೊಡ್ಡ ಮಾತು. ಒಂದು ಕಡೆ ಅದು ಸಾಲದ ಒಪ್ಪಿಗೆ. ಇನ್ನೊಂದು ಕಡೆ, ಶರೀರವೇ ಶಾರೀರವನ್ನೂ ಪಡೆದುಕೊಂಡ ಮೇಲೆ ಆ ಸಾಲ ಏನಾಗುತ್ತದೆ? ಇದರಲ್ಲಿ ಯಾರ ತಪ್ಪೂ ಇಲ್ಲ. ತನ್ನ ಪಾತ್ರಕ್ಕೆ ತಾನೇ ಹಾಡುವ ಹಕ್ಕು ನಟನಿಗೆ ಇಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ, ಅದೂ ರಾಜ್‌ಕುಮಾರ್ ಅವರಂಥ ಕಂಠಕ್ಕೆ? ತಪ್ಪಿಲ್ಲದೆಯೂ ನಷ್ಟವಾಗುವ ಸಂದರ್ಭಗಳು ಇರುತ್ತವೆ, ನಮ್ಮ ನೀತಿಶಾಸ್ತ್ರದ ತರಗತಿಗಳಲ್ಲಿ ಅವುಗಳಿಗೆ ಜಾಗ ಕಡಿಮೆ. ಪಿ.ಬಿ.ಎಸ್. ಕಹಿಯಾದ ಮಾತು ಆಡಿದ್ದನ್ನು ನಾನು ಎಲ್ಲೂ ಓದಿಲ್ಲ. ಮದ್ರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ, ತಲೆಯ ಮೇಲೆ ಪೇಟ, ಜೇಬಿನ ತುಂಬ ಪೆನ್ನುಗಳನ್ನು ಸಿಕ್ಕಿಸಿಕೊಂಡು, ಹಲವು ಭಾಷೆಗಳಲ್ಲಿ ಕವಿತೆ ಬರೆಯುತ್ತಾ ಕೂತಿರುತ್ತಿದ್ದ ಅವರನ್ನು ಕಂಡವರು ಬಹಳ ಜನ. ಅವರು 2013ರಲ್ಲಿ ತೀರಿಕೊಂಡರು.

ಯಕ್ಷಗಾನ ನೋಡಿದವರಿಗೆ ಈ ಕಷ್ಟ ವಿಚಿತ್ರವಾಗಿ ಕಾಣಬಹುದು. ಅಲ್ಲಿಯೂ ಹಾಡುವವರು ಬೇರೆ, ಕುಣಿಯುವವರು ಬೇರೆ. ಆದರೆ ಭಾಗವತರು ರಂಗದ ಮೇಲೆಯೇ, ಎಲ್ಲರ ಕಣ್ಣೆದುರಿಗೇ, ಜಾಗಟೆ ಹಿಡಿದು ಕೂತಿರುತ್ತಾರೆ. ಅವರನ್ನು ಒಂದನೇ ವೇಷ ಎನ್ನುವ ಮಾತೇ ಇದೆ. ಕಾಳಿಂಗ ನಾವಡರ ಪದ ಕೇಳಲೆಂದೇ ಜನ ಗದ್ದೆ ದಾಟಿಕೊಂಡು ಬರುತ್ತಿದ್ದರು. ಹಿಮ್ಮೇಳ ಎಂಬ ಮಾತಿನಲ್ಲಿ ಹಿಂದೆ ಇರುವುದಿದೆ, ಅಡಗಿರುವುದಿಲ್ಲ. ಸಿನಿಮಾದ ಹಿನ್ನೆಲೆ ಗಾಯನ ನಿಂತಿರುವುದೇ ಒಂದು ಒಪ್ಪಂದದ ಸುಳ್ಳಿನ ಮೇಲೆ. ನಟ ಹಾಡುತ್ತಿಲ್ಲ ಎಂದು ನಮಗೆ ಗೊತ್ತು, ಗೊತ್ತಿಲ್ಲದವರ ಹಾಗೆ ಕೂರುತ್ತೇವೆ. ಆ ಸುಳ್ಳನ್ನು ಚೆನ್ನಾಗಿ ಕಾಪಾಡಿದವನೇ ಒಳ್ಳೆಯ ಗಾಯಕ.

ಆ ಸುಳ್ಳಿಗೆ ಮೊದಮೊದಲು ಎಷ್ಟು ಬೆಲೆ ತೆರಬೇಕಾಯಿತು ಎಂಬುದಕ್ಕೆ ಒಂದು ಪ್ರಸಂಗ ಇದೆ. 1949ರ ‘ಮಹಲ್’ ಚಿತ್ರದ ಪ್ರಖ್ಯಾತ ಹಾಡಿನ ಗ್ರಾಮೊಫೋನ್ ತಟ್ಟೆ ಹೊರಬಂದಾಗ ಅದರ ಮೇಲೆ ಗಾಯಕಿಯ ಜಾಗದಲ್ಲಿ ಅಚ್ಚಾದ ಹೆಸರು ಕಾಮಿನಿ. ಕಾಮಿನಿ ಎಂಬುದು ಚಿತ್ರದ ಪಾತ್ರ. ಹಾಡಿದವರು ಲತಾ ಮಂಗೇಶ್ಕರ್. ಇಲ್ಲದ ಹೆಣ್ಣೊಬ್ಬಳಿಗೆ ಹೆಸರು ಸಿಕ್ಕಿತು, ಇದ್ದವಳಿಗೆ ಇಲ್ಲ. ಕೆಲವು ವರ್ಷಗಳ ಮೇಲೆ, ತಾವು ಹಾಡಿದ ಹಾಡಿನ ಚಿತ್ರಕ್ಕೆ ಸಂಗೀತ ನಿರ್ದೇಶಕರು ಫಿಲ್ಮ್‌ಫೇರ್ ಪ್ರಶಸ್ತಿ ಪಡೆಯುವ ಸಮಾರಂಭದಲ್ಲಿ ಅದೇ ಹಾಡನ್ನು ಹಾಡಿ ಎಂದಾಗ ಲತಾ ಒಪ್ಪಲಿಲ್ಲ. ಗಾಯಕರಿಗೆ ಪ್ರಶಸ್ತಿಯಿಲ್ಲದ ಕಡೆ ಗಾಯಕರು ಯಾಕೆ ಹಾಡಬೇಕು ಎಂಬುದು ಅವರ ವಾದ. ಆಮೇಲೆ ಅಲ್ಲಿ ಗಾಯನಕ್ಕೊಂದು ಪ್ರಶಸ್ತಿ ಹುಟ್ಟಿತು. ರಾಷ್ಟ್ರಪ್ರಶಸ್ತಿಯಲ್ಲಿ ಗಾಯಕರ ವಿಭಾಗ ಬಂದದ್ದು ಇನ್ನೂ ಎಷ್ಟೋ ವರ್ಷಗಳ ನಂತರ. ಗಾಯಕಿಯರ ವಿಭಾಗ ಅದರ ಮರುವರ್ಷ, ಮೊದಲು ಪಡೆದವರು ಪಿ. ಸುಶೀಲಾ. ನಿರ್ದೇಶನಕ್ಕೆ, ಛಾಯಾಗ್ರಹಣಕ್ಕೆ ಗಂಡು ಹೆಣ್ಣೆಂದು ಬೇರೆ ಬೇರೆ ಕಮಲಗಳಿಲ್ಲ, ದನಿಗೆ ಮಾತ್ರ ಯಾಕಿದೆ ಎಂದು ಕೇಳಬಹುದು, ಆದರೆ ಅದು ಇನ್ನೊಂದು ಲೇಖನದ ಮಾತು.

‘ಮಹಲ್’ ತಟ್ಟೆಯ ಕಥೆ ಓದಿದ ಮೇಲೆ ಪಿ.ಬಿ.ಎಸ್. ಬಗೆಗಿನ ನನ್ನ ದೂರು ಸ್ವಲ್ಪ ಅಲುಗಾಡಿತು. ನಾನು ಎರಡು ಬೇರೆ ಸಂಗತಿಗಳನ್ನು ಒಂದೇ ಅಂದುಕೊಂಡಿದ್ದೆ. ಪ್ರಶಸ್ತಿ ಬರದಿರುವುದು ಒಂದು, ಹೆಸರು ಇಲ್ಲದಿರುವುದು ಇನ್ನೊಂದು. ಪ್ರಶಸ್ತಿ ಯಾರಿಗೂ ಸಲ್ಲಬೇಕಾದ ಬಾಕಿಯಲ್ಲ. ಒಂದು ವರ್ಷಕ್ಕೆ ಒಂದೇ ಕಮಲ, ಹಾಡುಗಳು ಸಾವಿರ. ಚೆನ್ನಾಗಿ ಹಾಡಿದವರಿಗೆಲ್ಲ ಅದು ಸಿಗಲಿಲ್ಲ ಎಂದು ಅಳುತ್ತಾ ಕೂತರೆ ಅಳುವುದಕ್ಕೆ ಕೊನೆಯಿಲ್ಲ. ಪಲ್ಲವಿಗೂ ಚರಣಕ್ಕೂ ನಡುವೆ ಬರುವ ಕೊಳಲಿಗೆ ಯಾವ ವಿಭಾಗವೂ ಇಲ್ಲ. ದೊಡ್ಡ ಗಾಯಕರು ಬರುವ ಮುಂಚೆ ಅಳತೆಗೆಂದು ಹಾಡಿಟ್ಟು ಹೋಗುವ ಟ್ರ್ಯಾಕ್ ಗಾಯಕರಿಗೂ ಇಲ್ಲ. ಹೆಸರಿನ ಮಾತು ಹಾಗಲ್ಲ. ಅದು ಸಾಲವೇ. ಇದನ್ನು ಮಾಡಿದವರು ಇವರು ಎಂದು ಹೇಳುವುದಕ್ಕೆ ಆಯ್ಕೆ ಸಮಿತಿ ಬೇಕಿಲ್ಲ, ಹಣ ಬೇಕಿಲ್ಲ, ಯಾರನ್ನೂ ಯಾರಿಗಿಂತಲೂ ಮೇಲೆ ಕೂರಿಸಬೇಕಿಲ್ಲ. ಪಿ.ಬಿ.ಎಸ್. ಅವರಿಗೆ ಕಮಲ ಸಿಗಲಿಲ್ಲ, ಹೆಸರು ಸಿಕ್ಕಿತು. ಅಕ್ಕಿ ಆರಿಸುತ್ತಾ ಕೂತ ಅಮ್ಮನಿಗೆ ತಲೆ ಎತ್ತದೆ ಗೊತ್ತಾಗುವಷ್ಟು ಸಿಕ್ಕಿತು.

ಇಷ್ಟು ಹೊತ್ತು ನಾನು ಬೇರೆಯವರ ಪಟ್ಟಿಯಲ್ಲಿ ಯಾರಿಲ್ಲ ಎಂದು ಹುಡುಕುತ್ತಿದ್ದೆ. ನನ್ನ ಪಟ್ಟಿಯ ಮಾತು ಹೇಳದೆ ನಿಲ್ಲಿಸಿದರೆ ಅದು ಸರಿಯಾಗುವುದಿಲ್ಲ.

ನನ್ನ ಸಂಶೋಧನೆ ಗದಗ ಜಿಲ್ಲೆಯ ಕೆಲವು ಹಳ್ಳಿಗಳ ಹೆಂಗಸರ ಹಾಡುಗಳ ಮೇಲೆ. ಬೀಸುವಾಗಿನ ಪದ, ಸೋಬಾನೆ, ತೊಟ್ಟಿಲು ಪದ. ಮೂರು ವರ್ಷ ಫೋನು, ಪುಟ್ಟ ರೆಕಾರ್ಡರು ಹಿಡಿದುಕೊಂಡು ಓಡಾಡಿದ್ದೇನೆ. ಹೆಚ್ಚು ಹಾಡು ಕೊಟ್ಟವರು ರೋಣದ ಕಡೆಯ ಒಂದು ಹಳ್ಳಿಯ ಅಜ್ಜಿ. ಅವರು ಒಂದು ಸೊಲ್ಲು ಎತ್ತಿದರೆ ಅಕ್ಕಪಕ್ಕದ ಹೆಂಗಸರು ಹಿಂದೆ ಹೇಳುತ್ತಾರೆ. ಆ ಹಾಡುಗಳ ಆಧಾರದ ಮೇಲೆ ನಾನು ಬರೆದ ಮೊದಲ ಲೇಖನ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಖುಷಿಯಿಂದ ಅದರ ಪ್ರತಿ ಹಿಡಿದುಕೊಂಡು ಹೋದೆ. ಅಜ್ಜಿಗೆ ಓದಲು ಬರುವುದಿಲ್ಲ. ಎಂಟನೆಯ ತರಗತಿಯ ಮೊಮ್ಮಗ ಜೋರಾಗಿ ಓದಿದ. ತಮ್ಮ ಹಾಡು ಬಂದಾಗ ಅಜ್ಜಿ ಸಣ್ಣಗೆ ತಲೆದೂಗಿದರು. ಓದಿ ಮುಗಿದ ಮೇಲೆ ಕೇಳಿದರು.

“ಎಲ್ಲಾ ಚಲೋ ಬರದೀ ತಂಗಿ. ನನ್ನ ಹೆಸರು ಎಲ್ಲೈತಿ?”

ಇರಲಿಲ್ಲ. ಅವರು ‘ಮಾಹಿತಿದಾರರು 7’ ಆಗಿದ್ದರು. ಕ್ಷೇತ್ರಕಾರ್ಯದಲ್ಲಿ ನೆರವಾದವರ ಹೆಸರು ಬಯಲು ಮಾಡಬಾರದು ಎಂಬುದು ಸಂಶೋಧನೆಯ ಒಂದು ನೀತಿ. ಒಳ್ಳೆಯ ನೀತಿಯೇ. ಗಂಡನ ಹೊಡೆತದ ಬಗ್ಗೆ, ಜಾತಿಯ ಜಗಳದ ಬಗ್ಗೆ ನಂಬಿ ಮಾತಾಡಿದವರನ್ನು ಅದು ಕಾಯುತ್ತದೆ. ಆದರೆ ಹಾಡಿದವರನ್ನು ಯಾರಿಂದ ಕಾಯಬೇಕು? ಈ ಪ್ರಶ್ನೆಯನ್ನು ನಾನು ಲೇಖನ ಬರೆಯುವಾಗ ಕೇಳಿಕೊಂಡೇ ಇರಲಿಲ್ಲ. ಎಲ್ಲರೂ ಸಂಖ್ಯೆ ಹಾಕುತ್ತಾರೆ, ನಾನೂ ಹಾಕಿದೆ. ಲೇಖನದ ತಲೆಯ ಮೇಲೆ ಮಾತ್ರ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ನಾಳೆ ಪ್ರಬಂಧ ಮುಗಿದರೆ ಆ ಹೆಸರಿನ ಹಿಂದೆ ಡಾಕ್ಟರ್ ಸೇರುತ್ತದೆ. ಹಾಡಿದವರು ಅವರು, ತುಟಿ ಆಡಿಸುತ್ತಿರುವವಳು ನಾನು. ‘ಮಹಲ್’ ತಟ್ಟೆಯ ಮೇಲೆ ಕನಿಷ್ಠ ಒಂದು ಪಾತ್ರದ ಹೆಸರಾದರೂ ಇತ್ತು.

ಅಜ್ಜಿಗೆ ಏನೋ ಸಮಜಾಯಿಷಿ ಹೇಳಿದೆ. ನಿಯಮ, ಗೋಪ್ಯತೆ, ವಿಶ್ವವಿದ್ಯಾಲಯ ಎಂದೆಲ್ಲ. ಅವರು ಪೂರ್ತಿ ಕೇಳಿಸಿಕೊಂಡು, “ಹಂಗಾರ ನಾ ಏನರ ತಪ್ಪು ಮಾಡೇನೇನು, ಹೆಸರು ಮುಚ್ಚಾಕ?” ಅಂದರು. ಬೈಗುಳದ ದನಿಯಲ್ಲ, ನಿಜವಾಗಿಯೂ ಕೇಳಿದ್ದು. ಚಹಾ ಬಂತು, ಮಾತು ಬೇರೆ ಕಡೆ ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಹೊರಗೆ ನೋಡುತ್ತಾ ಕೂತಿದ್ದೆ. ಒಕ್ಕಿ ಮುಗಿದ ಕಪ್ಪು ಹೊಲಗಳು ಬಿಟ್ಟರೆ ನೋಡಲು ಏನೂ ಇರಲಿಲ್ಲ.

ಜನಪದ ಹಾಡಿಗೆ ಕರ್ತೃವಿಲ್ಲ, ಅದು ಸಮುದಾಯದ ಸೊತ್ತು ಎಂದು ನಾವು ಬಿ.ಎ.ಯಿಂದಲೇ ಬರೆಯುತ್ತಾ ಬಂದಿದ್ದೇವೆ. ವಚನಕಾರರಿಗೆ, ದಾಸರಿಗೆ ಅಂಕಿತವಿದೆ, ಬೀಸುವ ಕಲ್ಲಿನ ಮುಂದೆ ಕೂತವಳಿಗೆ ಇಲ್ಲ. ಇದನ್ನು ನಾವು ಅವಳ ದೊಡ್ಡತನ ಎಂದು ಹೊಗಳುತ್ತೇವೆ. ಹೊಗಳುವುದು ಸುಲಭ, ಯಾಕೆಂದರೆ ಆ ದೊಡ್ಡತನದಿಂದ ಹೆಸರು ಉಳಿಯುವುದು ಹೊಗಳಿದವರದು. ಗದುಗಿನ ಗುಡಿಯಲ್ಲಿ ಕೂತು ಭಾರತ ಬರೆದ ಕುಮಾರವ್ಯಾಸ ತಾನು ಬರಿಯ ಲಿಪಿಕಾರ, ಕವಿ ವೀರನಾರಾಯಣನೇ ಎಂದ. ಹಿನ್ನೆಲೆ ಗಾಯನವನ್ನು ಅದಕ್ಕಿಂತ ಚೆನ್ನಾಗಿ ಯಾರೂ ವಿವರಿಸಿಲ್ಲ ಅನ್ನಿಸುತ್ತದೆ. ಆದರೆ ಗಮನಿಸಿ, ತಾನು ಏನೂ ಅಲ್ಲ ಎಂದು ಹೇಳುವ ಆ ಸಾಲಿನೊಳಗೇ ಅವನ ಹೆಸರು ಭದ್ರವಾಗಿ ಕೂತಿದೆ. ಮರೆಯಾಗುವುದು ಗುಣ ಎಂದು ಹೇಳುವ ಹಕ್ಕು ಮರೆಯಾಗುವವನಿಗಿದೆ. ಮರೆಯಲ್ಲಿಡುವವರಿಗೆ ಅದಿಲ್ಲ. ಪಿ.ಬಿ.ಎಸ್. ತಮ್ಮನ್ನು ರಾಜ್‌ಕುಮಾರ್ ಅವರ ಮುಖದ ಹಿಂದೆ ಅಡಗಿಸಿಕೊಂಡದ್ದು ಅವರ ಕಲೆ. ನಾನು ಅಜ್ಜಿಯನ್ನು ಏಳು ಎಂಬ ಅಂಕಿಯ ಹಿಂದೆ ಅಡಗಿಸಿದ್ದು ಕಲೆಯೇನಲ್ಲ.

ಶಿವಮೊಗ್ಗ ಸುಬ್ಬಣ್ಣ ಅವರ ನೆನಪಾಗುತ್ತದೆ. 1978ರ ಸಾಲಿನಲ್ಲಿ ಈ ಪ್ರಶಸ್ತಿ ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ ಅವರಿಗೆ ಬಂತು. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ. ಅವರು ಸಿನಿಮಾ ಗಾಯಕರಲ್ಲ, ವಕೀಲರು, ಸುಗಮ ಸಂಗೀತದ ವೇದಿಕೆಗಳಲ್ಲಿ ಕವಿತೆ ಹಾಡುತ್ತಿದ್ದವರು. ಹಾಡು ಬರೆದವರು, ಚಿತ್ರ ನಿರ್ದೇಶಿಸಿದವರು ಕಂಬಾರರು. ಕಂಬಾರರ ಲಯದ ಬೇರು ಹುಡುಕುತ್ತಾ ಹೋದರೆ ಬೆಳಗಾವಿ ಸೀಮೆಯ ಬಯಲಾಟಗಳಿಗೆ, ಲಾವಣಿಗಳಿಗೆ, ಹೆಸರಿಲ್ಲದ ಎಷ್ಟೋ ಕೊರಳುಗಳಿಗೆ ಹೋಗಿ ನಿಲ್ಲುತ್ತೇವೆ. ಆ ಕೊರಳುಗಳ ಮುಂದೆ ಕಂಬಾರರು, ಕಂಬಾರರ ಮುಂದೆ ಸುಬ್ಬಣ್ಣ, ಸುಬ್ಬಣ್ಣ ಅವರ ಕೈಯಲ್ಲಿ ರಜತ ಕಮಲ. ಕಮಲ ಎಲ್ಲೋ ಒಂದು ಕಡೆ ನಿಲ್ಲಲೇಬೇಕು, ಸರಿ. ಅದು ನಿಂತ ಕಡೆಯಿಂದ ಹಿಂದಕ್ಕೆ ತಿರುಗಿ ಎಷ್ಟು ದೂರ ನೋಡಬೇಕು ಎಂಬುದು ನನಗಿನ್ನೂ ಬಗೆಹರಿದಿಲ್ಲ.

ಕಳೆದ ತಿಂಗಳು ಮತ್ತೆ ಆ ಹಳ್ಳಿಗೆ ಹೋಗಿದ್ದೆ. ಈ ಸಲ ಮಾರ್ಗದರ್ಶಕರ ಹತ್ತಿರ ಮಾತಾಡಿ, ಹೆಸರು ಹಾಕಲು ಒಪ್ಪಿಗೆ ಪಡೆಯುವ ಫಾರ್ಮು ಮಾಡಿಸಿಕೊಂಡು ಹೋದೆ. ನನ್ನ ಮಟ್ಟಿಗೆ ಅದು ತಪ್ಪೊಪ್ಪಿಗೆಯ ಕಾಗದ. ಅಜ್ಜಿ ಜೋಳ ಹಸನು ಮಾಡುತ್ತಿದ್ದರು. ಫಾರ್ಮನ್ನು ಓದಿ ಹೇಳಿದೆ. ಹಾಡಿದವರ ಹೆಸರು ಎಂಬಲ್ಲಿ ಅವರ ಹೆಸರು ಬರೆಯಲು ಹೋದಾಗ ಕೈ ಅಡ್ಡ ಹಿಡಿದರು.

“ನನ್ನೊಬ್ಬಾಕೀದ ಬರದ್ರ ಹೆಂಗ? ಹಿಂದ ಹೇಳಿದವರು ಏನಂದಾರು?”

ಆಮೇಲೆ ಹೇಳುತ್ತಾ ಹೋದರು. ಎಡಮನೆಯಾಕೆ, ಬಲಮನೆಯಾಕೆ, ಅಗಸಿ ಹತ್ತಿರದ ಅಕ್ಕತಂಗಿಯರಿಬ್ಬರು, ಕೊಟ್ಟ ಊರಿಗೆ ಹೋದ ಮಗಳು. ತೊಟ್ಟಿಲ ಪದ ಕಲಿಸಿದ ಅತ್ತೆ, ಆಕೆ ಸತ್ತು ಇಪ್ಪತ್ತು ವರ್ಷವಾಗಿದೆ, ಆದರೂ ಬರಕೋ ಅಂದರು. ಆ ಅತ್ತೆಗೆ ಕಲಿಸಿದಾಕೆ ಒಬ್ಬಳಿದ್ದಳು, ಮುಂಡರಗಿ ಕಡೆಯವಳು, ಹೆಸರು ಬಾಯಲ್ಲೇ ಇದೆ, ತಡಿ ನೆನಪು ಮಾಡಿಕೊಳ್ಳುತ್ತೇನೆ ಎಂದು ಮೊರ ಕೆಳಗಿಟ್ಟು ಕಣ್ಣು ಮುಚ್ಚಿದರು. ಫಾರ್ಮಿನಲ್ಲಿ ಹೆಸರಿಗೆ ಇದ್ದದ್ದು ಒಂದೇ ಗೆರೆ. ನಾನು ಹಾಳೆ ತಿರುಗಿಸಿ ಹಿಂಬದಿಯಲ್ಲಿ ಬರೆದುಕೊಳ್ಳತೊಡಗಿದೆ.